ಗ್ರೀನಿಚ್ ವಿಲೇಜಿನ ಆಚೆ: ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ತಾಣಗಳ ಚರಿತ್ರೆ

 

ಗಡಿನಾಡಿನ ಈ ಮಾಲಿಕೆಯಲ್ಲಿ ನ್ಯೂಯಾರ್ಕಿನ ಕಥೆ ಎಂತಕ್ಕೆ ಅಂತ ನಿಮಗೆ ಅನಿಸಬಹುದು. ಕಾರಣ ಹೇಳ್ತೇನೆ. ನಾನು ಕಾಸರಗೋಡಿನ ಕಡೆಯ ವಿದ್ಯಾರ್ಥಿ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಅಲ್ಲಿಂದ ಈಚೆಗೆ ನಮ್ಮನ್ನು ಎಲ್ಲರೂ ‘ಹೊರನಾಡಿನವರು’ ಅಂತ ಕರೀತಾರೆ. ಆದರೆ ನಮ್ಮ ಅಜ್ಜಿ ಯಾವ ಹೊರಗೂ ಹೋದವರಲ್ಲ. ಕೂತಲ್ಲೇ ಕೂತಿದ್ದರು, ಗೆರೆ ಬಂದು ಹೋಯಿತು ಅಷ್ಟೇ. ಹಾಗಾಗಿ ಯಾರಾದರೂ ಒಂದು ಜಾಗವನ್ನು ‘ಕೇಂದ್ರದ ಹೊರಗೆ’ ಅಂತ ಹೇಳಿದ ಕೂಡಲೇ ನನಗೊಂದು ಪ್ರಶ್ನೆ ಏಳ್ತದೆ: ಯಾರ ಲೆಕ್ಕದಲ್ಲಿ ಹೊರಗೆ? ನಗರ ಚರಿತ್ರೆಯ ಪತ್ರಿಕೆಗಾಗಿ ನ್ಯೂಯಾರ್ಕಿನ ಸಲಿಂಗಿಗಳ ಕುರಿತು ಓದುವಾಗ ಅದೇ ಪ್ರಶ್ನೆ ಎದುರಾಯಿತು.

ಎರಡೂ ಒಂದೇ ಅಂತ ಹೇಳುವುದಿಲ್ಲ. ಕನ್ನಡ ಮಾತಾಡುವುದು ಯಾವ ಕಾನೂನಿನಲ್ಲಿಯೂ ಅಪರಾಧ ಆಗಿರಲಿಲ್ಲ. ಸಲಿಂಗಿಯಾಗಿ ಬದುಕುವುದು ಅಪರಾಧ ಆಗಿತ್ತು. ಈ ವ್ಯತ್ಯಾಸವನ್ನು ನೆನಪಲ್ಲಿ ಇಟ್ಟುಕೊಂಡೇ ಮುಂದೆ ಹೋಗೋಣ.

ಕೇಂದ್ರ ಅಂತ ಯಾವುದನ್ನು ಕರೆದರು

ನ್ಯೂಯಾರ್ಕಿನಲ್ಲಿ ಸಲಿಂಗಿಗಳ ಬಡಾವಣೆ ಯಾವುದು ಅಂತ ಕೇಳಿದರೆ ಎಲ್ಲರೂ ತೋರಿಸುವುದು ಮ್ಯಾನ್‌ಹಟನ್ನಿನ ಗ್ರೀನಿಚ್ ವಿಲೇಜನ್ನು. ಅದಕ್ಕೆ ಕಾರಣವೂ ಉಂಟು. 1969ರ ಜೂನ್ 28ರ ನಸುಕಿನಲ್ಲಿ ಪೊಲೀಸರು ದಾಳಿ ಮಾಡಿದ, ಜನ ತಿರುಗಿ ನಿಂತ ಸ್ಟೋನ್‌ವಾಲ್ ಇನ್ ಇರುವುದು ಅಲ್ಲಿಯ ಕ್ರಿಸ್ಟೋಫರ್ ಬೀದಿಯಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1966ರ ಏಪ್ರಿಲ್ 21ರಂದು, ಮ್ಯಾಟಚೀನ್ ಸೊಸೈಟಿಯ ಕೆಲವರು ‘ನಾವು ಸಲಿಂಗಿಗಳು, ಕುಡಿಯಲು ಕೊಡಿ’ ಅಂತ ಹೇಳಿ ಕೂತ ಜೂಲಿಯಸ್ ಬಾರ್ ಇರುವುದೂ ಅಲ್ಲಿಯೇ.

ಕುಡಿಯಲು ಕೊಡಿ ಅಂತ ಕೇಳುವುದು ಒಂದು ಹೋರಾಟವೇ ಅಂತ ನಗಬಹುದು. ಅದಕ್ಕೆ ಅಲ್ಲಿಯ ಮದ್ಯದ ಕಾನೂನು ಗೊತ್ತಿರಬೇಕು. ಪಾನನಿಷೇಧ 1933ರಲ್ಲಿ ಮುಗಿದ ಮೇಲೆ ನ್ಯೂಯಾರ್ಕ್ ರಾಜ್ಯದಲ್ಲಿ ಪರವಾನಗಿ ಕೊಡಲು ಒಂದು ಪ್ರಾಧಿಕಾರ ಬಂತು. ‘ಅಶಿಸ್ತಿನ’ ಜಾಗಕ್ಕೆ ಪರವಾನಗಿ ಇಲ್ಲ ಅಂತ ನಿಯಮ. ಸಲಿಂಗಿಗಳು ಸೇರಿದರೆ ಅದೇ ಅಶಿಸ್ತು ಅಂತ ಅರ್ಥ ಮಾಡಲಾಯಿತು. ಹೀಗಾಗಿ ಮರ್ಯಾದೆಯಿಂದ ವ್ಯಾಪಾರ ಮಾಡುವವರು ಹಿಂದೆ ಸರಿದರು. ಆ ಜಾಗಕ್ಕೆ ಮಾಫಿಯಾ ಬಂತು. ಸ್ಟೋನ್‌ವಾಲ್ ಕೂಡ ಮಾಫಿಯಾದವರ ಕೈಯಲ್ಲೇ ಇತ್ತು.

ಇಷ್ಟರಿಂದ ವಿಲೇಜೇ ಮೂಲ, ಉಳಿದದ್ದೆಲ್ಲ ಅದರ ಕೊಂಬೆ ಅಂತ ತಿಳಿದರೆ ಮಾತ್ರ ತಪ್ಪಾಗ್ತದೆ. 1920-30ರ ದಶಕಗಳಲ್ಲಿ ಕಪ್ಪು ಜನರ ಹಾರ್ಲೆಮ್‌ನಲ್ಲಿ ಹ್ಯಾಮಿಲ್ಟನ್ ಲಾಡ್ಜ್ ಎಂಬ ಸಂಘ ವರ್ಷಕ್ಕೊಮ್ಮೆ ನಡೆಸುತ್ತಿದ್ದ ವೇಷದ ನೃತ್ಯಕೂಟಕ್ಕೆ ಸಾವಿರಗಟ್ಟಲೆ ಜನ ಸೇರುತ್ತಿದ್ದರು. ಗಂಡಸರು ಹೆಣ್ಣುವೇಷದಲ್ಲಿ, ಹೆಂಗಸರು ಗಂಡುವೇಷದಲ್ಲಿ ಬರುತ್ತಿದ್ದರು. 133ನೇ ಬೀದಿಯ ಒಂದು ಕ್ಲಬ್ಬಿನಲ್ಲಿ ಗ್ಲ್ಯಾಡಿಸ್ ಬೆಂಟ್ಲಿ ಎಂಬ ಗಾಯಕಿ ಗಂಡಸಿನ ಸೂಟು, ಎತ್ತರದ ಟೊಪ್ಪಿ ಹಾಕಿ ಹಾಡುತ್ತಿದ್ದರು. ಜಾರ್ಜ್ ಚಾನ್ಸಿ ಅವರ ‘ಗೇ ನ್ಯೂಯಾರ್ಕ್’ (1994) ಎಂಬ ಗ್ರಂಥ ಈ ಲೋಕವನ್ನು ವಿವರವಾಗಿ ಕಟ್ಟಿಕೊಡ್ತದೆ. ಅಂದರೆ ಸ್ಟೋನ್‌ವಾಲಿಗೆ ನಲವತ್ತು ವರ್ಷ ಮೊದಲೇ ‘ಹೊರಗೆ’ ಬೇಕಾದಷ್ಟು ಇತ್ತು. ಕೇಂದ್ರ ಅನ್ನುವ ಹೆಸರನ್ನು ನಾವು ಹಿಂದಕ್ಕೆ ಹೊರಳಿ ಕೊಟ್ಟದ್ದು.

ಜೇಬಿನ ಪುಸ್ತಕ

ಗುರುತಿಲ್ಲದ ಊರಿನಲ್ಲಿ ಇಂಥ ಜಾಗವನ್ನು ಹುಡುಕುವುದು ಹೇಗೆ? ಹೊರಗೆ ಬೋರ್ಡ್ ಇಲ್ಲ, ಪತ್ರಿಕೆಯಲ್ಲಿ ಜಾಹೀರಾತು ಇಲ್ಲ. ಬಾಯಿಂದ ಬಾಯಿಗೆ ಬಂದದ್ದೇ ವಿಳಾಸ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಾಬ್ ಡ್ಯಾಮ್ರನ್ ಎಂಬವರು ತಾವು ತಿರುಗಿದ ಊರುಗಳ ಬಾರುಗಳ ವಿಳಾಸ ಸೇರಿಸಿ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ ಮಾಡಿದರು. ವರ್ಷ ವರ್ಷ ಅದು ಹೊಸದಾಗಿ ಬರುತ್ತಿತ್ತು. ಪ್ರತಿ ಹೆಸರಿನ ಮುಂದೆ ಅಕ್ಷರಗಳ ಗುಟ್ಟುಸಂಕೇತ: ಎಲ್ಲ ಬಗೆಯವರೂ ಬರುವ ಜಾಗಕ್ಕೆ ಒಂದು, ಕಪ್ಪು ಜನ ಹೆಚ್ಚಾಗಿ ಬರುವ ಜಾಗಕ್ಕೆ ಇನ್ನೊಂದು. ನನ್ನನ್ನು ಹಿಡಿದು ನಿಲ್ಲಿಸಿದ ಸಂಕೇತ ‘ಎ-ವೈ-ಒ-ಆರ್’. ‘ಹೋದರೆ ನಿಮ್ಮದೇ ಜವಾಬ್ದಾರಿ’ ಅಂತ ಅದರ ಅರ್ಥ.

ಈ ಪುಸ್ತಕಗಳ ನಮೂದುಗಳನ್ನು ಇತ್ತೀಚೆಗೆ ಅಮಾಂಡಾ ರೀಗನ್ ಮತ್ತು ಎರಿಕ್ ಗೊನ್ಸಾಬಾ ಎಂಬ ಇತಿಹಾಸಕಾರರು ಡಿಜಿಟಲ್ ನಕ್ಷೆಗೆ ಇಳಿಸಿದ್ದಾರೆ. ಒಳ್ಳೆಯ ಆಕರ, ಆದರೆ ಎಚ್ಚರ ಬೇಕು. ಇದು ಒಬ್ಬ ಬಿಳಿ ಗಂಡಸು ತನ್ನ ಬಳಗದ ನೆರವಿನಿಂದ ಶುರುಮಾಡಿದ ಪಟ್ಟಿ. ಹೆಂಗಸರು ಸೇರುವ ಅಡುಗೆಮನೆ, ವಲಸಿಗರು ಸ್ಪ್ಯಾನಿಷ್ ಮಾತಾಡುವ ಬಾರು, ಒಂದು ರಾತ್ರಿಗೆ ಬಾಡಿಗೆಗೆ ಹಿಡಿದ ಹಾಲ್ ಇಂಥವು ಅದರ ಕಣ್ಣಿಗೆ ಸುಲಭಕ್ಕೆ ಬೀಳುವಂಥವಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಜಾಗವೇ ಇರಲಿಲ್ಲ ಅಂತ ಹೇಳಲಾಗದು. ಜನಗಣತಿಯ ಭಾಷಾ ಕಾಲಂ ನೋಡಿ ಅಭ್ಯಾಸ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೈಲು ಮತ್ತು ರೂಸ್‌ವೆಲ್ಟ್ ಅವೆನ್ಯೂ

ಈಗ ಕ್ವೀನ್ಸ್‌ಗೆ ಬರೋಣ. ನ್ಯೂಯಾರ್ಕ್ ನಗರದ ಐದು ವಿಭಾಗಗಳಲ್ಲಿ ಇದೊಂದು, ಮ್ಯಾನ್‌ಹಟನ್ನಿನಿಂದ ಪೂರ್ವಕ್ಕೆ ನದಿಯ ಆಚೆ. ಅದರೊಳಗೆ ಜಾಕ್ಸನ್ ಹೈಟ್ಸ್ ಎಂಬ ಬಡಾವಣೆ. ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಕಂಪನಿ 1910ರ ದಶಕದಿಂದ ಇಲ್ಲಿ ನಡುವೆ ತೋಟ ಬಿಟ್ಟು ಸುತ್ತ ಮನೆ ಕಟ್ಟಿತು. ಯಹೂದಿಗಳಿಗೂ ಕಪ್ಪು ಜನರಿಗೂ ಅಲ್ಲಿ ಮನೆ ಇರಲಿಲ್ಲ. ಮುಂದೆ ಜಗತ್ತಿನ ಎಲ್ಲ ಮೂಲೆಯವರೂ ಸೇರಿದ ಈ ಬಡಾವಣೆ ಶುರುವಾದದ್ದು ಹಾಗೆ.

1917ರಲ್ಲಿ ರೂಸ್‌ವೆಲ್ಟ್ ಅವೆನ್ಯೂ ಮೇಲೆ ಕಂಬಗಳ ಮೇಲಿನ ರೈಲುಮಾರ್ಗ ಬಂತು. ಇವತ್ತು ಅದನ್ನು 7ನೇ ನಂಬರಿನ ರೈಲು ಅಂತಾರೆ. ಟೈಮ್ಸ್ ಸ್ಕ್ವೇರಿನ ನಾಟಕಶಾಲೆಗಳಲ್ಲಿ ದುಡಿಯುವ ನಟರು, ಕುಣಿಯುವವರು ಈ ರೈಲಿನ ಅನುಕೂಲಕ್ಕೆ ಇಲ್ಲಿ ಬಾಡಿಗೆಗೆ ಬಂದರು, ಅವರಲ್ಲಿ ಸಲಿಂಗಿಗಳೂ ಇದ್ದರು ಅಂತ ಊರವರು ಹೇಳುವ ಮಾತು ಉಂಟು. ರಾತ್ರಿಯಿಡೀ ಓಡುವ ರೈಲು, ಮ್ಯಾನ್‌ಹಟನ್ನಿಗಿಂತ ಕಮ್ಮಿ ಬಾಡಿಗೆ. ಇವೆರಡು ಇದ್ದರೆ ಬಾರು ತೆರೆಯಲು ಮತ್ತೇನು ಬೇಕು? ಕಾಲಕ್ರಮದಲ್ಲಿ ರೈಲುಕಂಬಗಳ ನೆರಳಿನಲ್ಲಿ ಸಾಲಾಗಿ ಬಾರುಗಳು ಬಂದವು. 1989ರಿಂದ ನಡೆದು ಬಂದ ಫ್ರೆಂಡ್ಸ್ ಟ್ಯಾವರ್ನ್ ಅವುಗಳಲ್ಲಿ ಹೆಸರಾದದ್ದು. ಪಕ್ಕದ ವುಡ್‌ಸೈಡ್‌ನಲ್ಲಿ ಲ್ಯಾಟಿನ್ ಅಮೆರಿಕದ ಹೆಂಗಸರು ಸೇರುತ್ತಿದ್ದ ಬಮ್ ಬಮ್ ಬಾರ್ ಕೂಡ ಇದೇ ರಸ್ತೆಯ ಮೇಲೆ. ಕೊಲಂಬಿಯಾ, ಮೆಕ್ಸಿಕೊ, ಪೋರ್ಟೊ ರಿಕೊ ಮೂಲದವರಿಗೆ ವಿಲೇಜಿಗೆ ಹೋದರೆ ಅಲ್ಲಿ ಇಂಗ್ಲಿಷು, ದುಬಾರಿ ಬೆಲೆ, ಬಿಳಿಯರ ಓರೆನೋಟ. ಇಲ್ಲಿ ತಮ್ಮ ಹಾಡು, ತಮ್ಮ ಮಾತು. ಅವರು ಕೇಂದ್ರ ಬಿಟ್ಟು ಹೊರಗೆ ಬಂದವರಲ್ಲ. ಮನೆಯ ಹತ್ತಿರ ಕೂತವರು.

ಇದರ ಮೇಲೆ ಕ್ವೀನ್ಸ್ ಸ್ವರ್ಗ ಅಂತ ತಿಳಿಯಬಾರದು. 1969ರ ಜೂನ್‌ನಲ್ಲಿ, ಸ್ಟೋನ್‌ವಾಲ್ ನಡೆದ ಅದೇ ತಿಂಗಳು, ಇದೇ ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್ ಎಂಬಲ್ಲಿ ಉದ್ಯಾನಕ್ಕೆ ರಾತ್ರಿ ಬರುವ ಗಂಡಸರನ್ನು ಓಡಿಸಲು ಅಲ್ಲಿಯ ನಿವಾಸಿಗಳ ಒಂದು ತಂಡ ಕಾವಲು ತಿರುಗಿತು, ಕೊನೆಗೆ ಮರಗಳನ್ನೇ ಕಡಿದು ಹಾಕಿತು. ನ್ಯೂಯಾರ್ಕ್ ಟೈಮ್ಸ್ ಜುಲೈ 1ರಂದು ಅದನ್ನು ವರದಿ ಮಾಡಿತು. ಸ್ಟೋನ್‌ವಾಲ್ ಎಲ್ಲರಿಗೂ ಗೊತ್ತು. ಈ ಮರಗಳ ಕಥೆ ಎಷ್ಟು ಜನರಿಗೆ ಗೊತ್ತು ಹೇಳಿ?

ಒಂದೇ ಕಾನೂನು, ಎರಡು ಬಾಗಿಲು

ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ಸೀರೆ, ಚಿನ್ನ, ಮಸಾಲೆ ಸಾಮಾನಿನ ಅಂಗಡಿಗಳ ಸಾಲು ಉಂಟು. ಭಾರತೀಯರು ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋಗಲು ದಾರಿಯಾದದ್ದು 1965ರ ವಲಸೆ ಕಾನೂನು. ದೇಶವಾರು ಪಾಲಿನ ಹಳೆಯ ಲೆಕ್ಕವನ್ನು ಅದು ತೆಗೆದುಹಾಕಿತು. ನಮ್ಮಲ್ಲಿ ಇದರ ಬಗ್ಗೆ ಮಾತಾಡುವವರೆಲ್ಲ ಇಷ್ಟಕ್ಕೇ ನಿಲ್ಲಿಸ್ತಾರೆ.

ಅದೇ ಕಾನೂನಿನಲ್ಲಿ ಇನ್ನೊಂದು ತಿದ್ದುಪಡಿಯೂ ಇತ್ತು. 1952ರಿಂದಲೇ ಸಲಿಂಗಿಗಳನ್ನು ‘ಮನೋವಿಕೃತ ವ್ಯಕ್ತಿತ್ವ’ದವರು ಅಂತ ಗಡಿಯಲ್ಲಿ ತಡೆಯುತ್ತಿದ್ದರು. 1965ರಲ್ಲಿ ‘ಲೈಂಗಿಕ ವಿಕೃತಿ’ ಎಂಬ ಪದವನ್ನು ಬೇರೆಯಾಗಿಯೇ ಸೇರಿಸಿದರು. 1967ರಲ್ಲಿ ಬೂಟಿಲಿಯೆ ಎಂಬ ಕೆನಡಾದವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗಡೀಪಾರನ್ನು ಎತ್ತಿಹಿಡಿಯಿತು. ಈ ನಿಷೇಧ ಹೋದದ್ದು 1990ರ ವಲಸೆ ಕಾನೂನಿನಲ್ಲಿ.

ಇದರ ಅರ್ಥ ಎಂತ? ಇಪ್ಪತ್ತೈದು ವರ್ಷ ಕಾಲ, ಭಾರತದಿಂದ ಹೋಗಿ ಕ್ವೀನ್ಸ್‌ನಲ್ಲಿ ಬಾಡಿಗೆ ಮನೆ ಹಿಡಿದ ಒಬ್ಬ ಸಲಿಂಗಿಗೆ ಒಂದು ಬಾಗಿಲು ತೆರೆದದ್ದೂ ಇನ್ನೊಂದು ಮುಚ್ಚಿದ್ದೂ ಒಂದೇ ಕಾಗದ. ಬಾರಿನಲ್ಲಿ ಪೊಲೀಸರ ಕೈಗೆ ಸಿಕ್ಕಿದರೆ ನಾಗರಿಕನಿಗೆ ದಂಡ, ಅವಮಾನ. ನಾಗರಿಕತ್ವ ಇಲ್ಲದವನಿಗೆ ಅದರ ಮೇಲೆ ದೇಶದಿಂದಲೇ ಹೊರಗೆ ಬೀಳುವ ಭಯ. ‘ಸ್ನೇಹಪರ ಜಾಗ’ ಅನ್ನುವ ಮಾತಿಗೆ ಇಬ್ಬರಿಗೂ ಒಂದೇ ತೂಕ ಇರಲು ಸಾಧ್ಯವಿಲ್ಲ.

1991ರಲ್ಲಿ ನ್ಯೂಯಾರ್ಕಿನಲ್ಲಿ ದಕ್ಷಿಣ ಏಷ್ಯಾದ ಸಲಿಂಗಿಗಳ ‘ಸಾಲ್ಗಾ’ ಎಂಬ ಸಂಘ ಹುಟ್ಟಿತು. ಅವರ ಸಭೆಗಳು ವಿಲೇಜಿನ 13ನೇ ಬೀದಿಯ ಸಮುದಾಯ ಕೇಂದ್ರದಲ್ಲಿ. ದಕ್ಷಿಣ ಏಷ್ಯಾದ ಅಷ್ಟೊಂದು ಜನ ಕ್ವೀನ್ಸ್‌ನಲ್ಲಿ ಇರುವಾಗ ಸಭೆ ಮಾತ್ರ ಮ್ಯಾನ್‌ಹಟನ್ನಿನಲ್ಲಿ! ನನ್ನ ಊಹೆ ಇಷ್ಟು: ಮನೆಯ ಹತ್ತಿರದ ಬಾರು ಕೊಲಂಬಿಯಾದವನಿಗೆ ಆಸರೆಯಾದರೆ, 74ನೇ ಬೀದಿಯಲ್ಲಿ ಮಾವನ ಗೆಳೆಯನ ಅಂಗಡಿ ಇರುವವನಿಗೆ ಅದೇ ಹತ್ತಿರ ಅನ್ನುವುದು ಭಯ. ಎಲ್ಲರಿಗೂ ಊರೊಳಗೇ ಜಾಗ ಬೇಕು ಅಂತಿಲ್ಲ. ಕೆಲವರಿಗೆ ಗುರುತಿನವರಿಲ್ಲದ ಊರೇ ಸುರಕ್ಷಿತ. 1995ರಲ್ಲಿ ಭಾರತದ ಸ್ವಾತಂತ್ರ್ಯೋತ್ಸವದ ನ್ಯೂಯಾರ್ಕ್ ಮೆರವಣಿಗೆಯಲ್ಲಿ ಸಾಲ್ಗಾಕ್ಕೆ ಜಾಗ ಸಿಗಲಿಲ್ಲ, ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ದುಡಿಯುವ ‘ಸಖಿ’ಗೂ ಸಿಗಲಿಲ್ಲ. ಗಾಯತ್ರಿ ಗೋಪಿನಾಥ್ ಅವರ ‘ಇಂಪಾಸಿಬಲ್ ಡಿಸೈರ್ಸ್’ (2005) ಇದನ್ನು ಚರ್ಚಿಸ್ತದೆ.

ಬಾಗಿಲಿನಿಂದ ಮನೆಯವರೆಗೆ

1990ರ ಜುಲೈ 2ರ ನಸುಕಿನಲ್ಲಿ ಹೂಲಿಯೊ ರಿವೇರಾ ಎಂಬ 29 ವರ್ಷದ ತರುಣನನ್ನು ಜಾಕ್ಸನ್ ಹೈಟ್ಸ್‌ನ ಒಂದು ಸರಕಾರಿ ಶಾಲೆಯ ಅಂಗಳದಲ್ಲಿ ಮೂವರು ಸೇರಿ ಸುತ್ತಿಗೆ, ಚೂರಿಗಳಿಂದ ಹೊಡೆದು ಕೊಂದರು. ಪೋರ್ಟೊ ರಿಕೊ ಮೂಲದ ಈತ ಬಾರಿನಲ್ಲಿ ಮದ್ಯ ಬಡಿಸುವ ಕೆಲಸ ಮಾಡುತ್ತಿದ್ದವನು. ಸಲಿಂಗಿ ಎಂಬುದೇ ಕೊಲೆಗೆ ಕಾರಣ ಅಂತ ಪೊಲೀಸರು ಮೊದಲಿಗೆ ಒಪ್ಪಲಿಲ್ಲ. ಮನೆಯವರು, ಗೆಳೆಯರು, ಹೋರಾಟಗಾರರು ಮೇಣದ ಬತ್ತಿ ಹಿಡಿದು ಬೀದಿಗೆ ಬಂದರು. 1991ರಲ್ಲಿ ತೀರ್ಪು ಬಂತು.

ಈ ಕೊಲೆ ನಡೆದದ್ದು ಬಾರಿನ ಒಳಗಲ್ಲ. 2001ರ ಆಗಸ್ಟಿನಲ್ಲಿ ಇದೇ ಬಡಾವಣೆಯ ಎಡ್ಗರ್ ಗಾರ್ಸೋನ್ ಮೇಲೆ ಹಲ್ಲೆ ಆದದ್ದೂ ಬಾರಿನಿಂದ ಮನೆಗೆ ಹೋಗುವ ದಾರಿಯಲ್ಲಿ. ಸೆಪ್ಟೆಂಬರ್ 4ರಂದು ಅವರು ತೀರಿಕೊಂಡರು. ಪಟ್ಟಿಯಲ್ಲಿ ಇರುವುದು ಬಾಗಿಲಿನ ವಿಳಾಸ ಮಾತ್ರ. ಬಾಗಿಲಿನಿಂದ ಮನೆಯವರೆಗಿನ ಹತ್ತು ನಿಮಿಷ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಒಂದು ತಾಣ ಸ್ನೇಹಪರವೇ ಅಂತ ತೀರ್ಮಾನ ಆಗುವುದು ಒಳಗೆ ಸಿಗುವ ಸ್ವಾಗತದಿಂದ ಅಲ್ಲ, ಹೊರಗೆ ಬಂದ ಮೇಲೆ ಸಿಗುವ ರಸ್ತೆಯಿಂದ. ನನ್ನ ಈ ಪ್ರಬಂಧದ ಮುಖ್ಯ ಮಾತು ಇದೇ.

ಜಾಕ್ಸನ್ ಹೈಟ್ಸ್‌ನವರಿಗೆ ಅದು ತಿಳಿಯಿತು ಅಂತ ಕಾಣ್ತದೆ. 1992ರಲ್ಲಿ ನಗರದ ಶಾಲೆಗಳಿಗೆ ‘ಕಾಮನಬಿಲ್ಲಿನ ಮಕ್ಕಳು’ ಎಂಬ ಹೆಸರಿನ ಪಠ್ಯಕ್ರಮ ಬಂತು. ಎಲ್ಲ ಬಗೆಯ ಕುಟುಂಬಗಳನ್ನು ಗೌರವಿಸಬೇಕು ಅನ್ನುವ ಅದರಲ್ಲಿ ಸಲಿಂಗಿ ಪೋಷಕರ ಬಗ್ಗೆ ಇದ್ದದ್ದು ಕೆಲವೇ ಸಾಲು. ಅಷ್ಟಕ್ಕೇ ಕ್ವೀನ್ಸ್‌ನ 24ನೇ ಶಾಲಾ ಜಿಲ್ಲೆ ಅದನ್ನು ತಿರಸ್ಕರಿಸಿತು. ಅಲ್ಲಿಯ ಸರಕಾರಿ ಶಾಲೆಯ ಮೇಷ್ಟ್ರು ಡೇನಿಯಲ್ ಡ್ರಾಮ್ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿದರು. ಅವರೂ ಮಾರಿಟ್ಸಾ ಮಾರ್ಟಿನೆಸ್ ಎಂಬವರೂ ಮುಂದೆ ನಿಂತು 1993ರ ಜೂನ್ 6ರಂದು ಕ್ವೀನ್ಸ್‌ನ ಮೊದಲ ಸ್ವಾಭಿಮಾನ ಮೆರವಣಿಗೆ ನಡೆಸಿದರು. ವಿಲೇಜಿನ ಮೆರವಣಿಗೆ ಇರುವಾಗ ಇನ್ನೊಂದು ಎಂತಕ್ಕೆ? ಉತ್ತರ ಮೆರವಣಿಗೆಯ ದಾರಿಯಲ್ಲೇ ಉಂಟು. ಅದು ಹೋದದ್ದು 37ನೇ ಅವೆನ್ಯೂ ಮೇಲೆ. ತರಕಾರಿ ಕೊಳ್ಳುವ, ಬಟ್ಟೆ ಒಗೆಸುವ, ಮಕ್ಕಳನ್ನು ಶಾಲೆಗೆ ಬಿಡುವ ರಸ್ತೆ ಅದು. ರಿವೇರಾ ಕೊಲೆಯಾದ ಶಾಲೆ ಇರುವುದೂ ಆ ರಸ್ತೆಯ ಮೇಲೆಯೇ. 78ನೇ ಬೀದಿ ಕೂಡುವ ಮೂಲೆಗೆ 2000ದಲ್ಲಿ ಆತನ ಹೆಸರಿಟ್ಟರು. ಡ್ರಾಮ್ 2009ರಲ್ಲಿ ನಗರಸಭೆಗೆ ಆಯ್ಕೆಯಾದರು.

ಮನೆಯೇ ತಾಣ

ಬಾರುಗಳನ್ನು ಮಾತ್ರ ಎಣಿಸಿದರೆ ಇನ್ನೊಂದು ತಪ್ಪಾಗ್ತದೆ. ಜೆನ್ ಜ್ಯಾಕ್ ಗೀಸ್‌ಕಿಂಗ್ ಅವರ ‘ಎ ಕ್ವಿಯರ್ ನ್ಯೂಯಾರ್ಕ್’ (2020) ಹೇಳುವ ಪ್ರಕಾರ ಹೆಂಗಸರಿಗೆ ಸಂಬಳ ಕಮ್ಮಿ, ಬಾಡಿಗೆ ಹೆಚ್ಚು. ಹಾಗಾಗಿ ಅವರಿಗೆ ಇಡೀ ಬಡಾವಣೆ ಹಿಡಿದು ಉಳಿಸಿಕೊಳ್ಳಲು ಆಗಲಿಲ್ಲ. ಅಲ್ಲೊಂದು ಇಲ್ಲೊಂದು ಜಾಗ, ಅವುಗಳನ್ನು ಸೇರಿಸುವ ಓಡಾಟ. ನಕ್ಷತ್ರಪುಂಜದ ಹಾಗೆ ಅಂತ ಅವರು ವಿವರಿಸ್ತಾರೆ.

1981ರಲ್ಲಿ ಮೆಕ್ಸಿಕೊದಿಂದ ಬಂದ ಲೊರೇನಾ ಬೊರ್ಹಾಸ್ ಎಂಬ ಟ್ರಾನ್ಸ್‌ಜೆಂಡರ್ ಮಹಿಳೆ ರೂಸ್‌ವೆಲ್ಟ್ ಅವೆನ್ಯೂ ಸುತ್ತಮುತ್ತ ಹಲವು ದಶಕ ದುಡಿದರು. ಬೀದಿಯಲ್ಲಿ ದುಡಿಯುವ ಹೆಂಗಸರಿಗೆ ಕಾಂಡೋಮ್, ಊಟ ಹಂಚಿದರು. ಮನೆಯಲ್ಲೇ ಎಚ್‌ಐವಿ ಪರೀಕ್ಷೆಗೆ ವ್ಯವಸ್ಥೆ ಮಾಡಿದರು, ಪೊಲೀಸರು ಹಿಡಿದವರಿಗೆ ಜಾಮೀನಿಗಾಗಿ ನಿಧಿ ಕಟ್ಟಿದರು. 2020ರ ಮಾರ್ಚ್ 30ರಂದು ಕೋವಿಡ್‌ನಿಂದ ತೀರಿಕೊಂಡರು. ಅವರ ಮನೆ ಯಾವ ಕೈಪಿಡಿಯ ಪಟ್ಟಿಗೆ ಸೇರ್ತದೆ? ಆದರೆ ಠಾಣೆಯಿಂದ ಬಿಡುಗಡೆಯಾಗಿ ನಡುರಾತ್ರಿ ಹೊರಗೆ ಬಂದ ಹೆಂಗಸಿಗೆ ಮೊದಲು ನೆನಪಾಗುವ ಹೆಸರು ಅವರದು.

ನನ್ನ ಮಾತು ಮುಗಿಸ್ತೇನೆ. ಕೇಂದ್ರದ ಆಚೆಗಿನ ಜಾಗಗಳನ್ನು ಯಾರೂ ‘ಪತ್ತೆ’ ಮಾಡಲಿಲ್ಲ. ಅಲ್ಲಿ ಬದುಕುತ್ತಿದ್ದವರೇ ಅವನ್ನು ಕಟ್ಟಿದರು, ಒಬ್ಬರ ಸಾವಿನ ನಂತರ ರಸ್ತೆಯನ್ನೂ ತಮ್ಮದು ಮಾಡಿಕೊಳ್ಳಲು ಹೊರಟರು. ನಮಸ್ಕಾರ.

ಸಂವಾದದಿಂದ

*ಅಧ್ಯಾಪಕರೊಬ್ಬರು:* ಆಕರಗಳ ಬಗ್ಗೆ ಒಂದು ಮಾತು. ಕೈಪಿಡಿ ಅರ್ಧ ಸತ್ಯ ಅಂದ್ರಿ. ನೆನಪಿನ ಮಾತನ್ನು ಎಷ್ಟು ನಂಬಬಹುದು?

ಒಂದನ್ನೇ ನಂಬಬಾರದು ಸರ್. ಕೈಪಿಡಿ ವಿಳಾಸ ಕೊಡ್ತದೆ, ಕೋರ್ಟಿನ ಕಾಗದ ದಿನಾಂಕ ಕೊಡ್ತದೆ, ನೆನಪು ಅರ್ಥ ಕೊಡ್ತದೆ. ನಾಟಕದವರು ಮೊದಲು ಬಂದರು ಅನ್ನುವುದನ್ನು ‘ಊರವರ ಮಾತು’ ಅಂತಲೇ ನಾನು ಇಟ್ಟದ್ದು ಅದಕ್ಕೆ. ಕ್ವೀನ್ಸ್‌ನ ಲಾಗ್ವಾರ್ಡಿಯಾ ಕಾಲೇಜಿನ ದಾಖಲೆಭಂಡಾರದಲ್ಲಿ ಡ್ರಾಮ್ ಮೊದಲಾದವರ ಕಾಗದಪತ್ರ ಉಂಟು. ಐದೂ ವಿಭಾಗಗಳ ತಾಣಗಳನ್ನು ಗುರುತಿಸುವ ಎಲ್‌ಜಿಬಿಟಿ ಐತಿಹಾಸಿಕ ತಾಣಗಳ ಯೋಜನೆಯೂ ನ್ಯೂಯಾರ್ಕಿನಲ್ಲಿ ನಡೀತಾ ಉಂಟು.

*ವಿದ್ಯಾರ್ಥಿನಿಯೊಬ್ಬರು:* ನಮ್ಮ ಗಡಿಊರುಗಳಲ್ಲೂ ಇಂಥ ಒಂದು ನಕ್ಷೆ ಮಾಡಬಹುದಲ್ವಾ?

ಈ ಪ್ರಶ್ನೆ ನನ್ನನ್ನೂ ಕಾಡಿದ್ದುಂಟು. 2018ರ ಸೆಪ್ಟೆಂಬರ್ 6ರ ತೀರ್ಪಿನ ಮೇಲೆ ವಯಸ್ಕರ ಒಪ್ಪಿತ ಸಂಬಂಧ ನಮ್ಮಲ್ಲಿ ಅಪರಾಧವಲ್ಲ. ಆದರೆ ಕಾನೂನು ಹೋದ ದಿನವೇ ಮನೆಯವರ ಕೋಪ ಹೋಗುವುದಿಲ್ಲ. ಸಣ್ಣ ಊರಿನಲ್ಲಿ ಒಂದು ಚಹಾದಂಗಡಿಯ ಹೆಸರನ್ನು ಸಂಶೋಧನಾ ಲೇಖನದಲ್ಲಿ ಬರೆದರೆ, ಮರುದಿನ ಅಲ್ಲಿ ಕೂರುವವರ ಗತಿ? ಕ್ಯೂ ಗಾರ್ಡನ್ಸ್‌ನ ಮರಗಳನ್ನು ನೆನಪಿಡಿ. ಎಲ್ಲಿ ಅಂತ ಗೊತ್ತಾದ್ದರಿಂದಲೇ ಅವು ಉರುಳಿದ್ದು. ಸತ್ತ ಜಾಗಗಳ ಚರಿತ್ರೆ ಬರೆಯೋಣ. ಬದುಕಿರುವ ಜಾಗದ ವಿಳಾಸವನ್ನು ಅಲ್ಲಿಯವರು ಕೊಟ್ಟರೆ ಮಾತ್ರ ಬರೆಯೋಣ. ಅವರು ಬೇಡ ಅಂದರೆ ನಮ್ಮ ನಕ್ಷೆಯಲ್ಲಿ ಅಷ್ಟು ಜಾಗ ಖಾಲಿ ಇರಲಿ, ತೊಂದರೆ ಇಲ್ಲ.